ಪಿಡಿಎಫ್ ಪುಕ್ಕಟೆ ಬಿಟ್ಟು ಪುಸ್ತಕ ಮಾರಬಹುದೇ? ಮುಕ್ತ ಪರವಾನಗಿ, ಅಚ್ಚಿನ ಖರ್ಚು, ಲಾಭದ ಲೆಕ್ಕ

ಕ್ಯಾತ್ಸಂದ್ರದ ಮೇಷ್ಟ್ರು

ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಗಣಿತದ ಅಭ್ಯಾಸ ಪುಸ್ತಕವೊಂದು ಸಿದ್ಧವಾಗಿದೆ. ಡೆಮಿ 1/8 ಅಳತೆ, 128 ಪುಟ, ಒಳಗೆ ಕಪ್ಪು ಮಸಿ ಮಾತ್ರ, ಮುಖಪುಟ ನಾಲ್ಕು ಬಣ್ಣ. ಬರೆದವರು ಆರು ಜನ ಶಿಕ್ಷಕರು. ರೇಖಾಚಿತ್ರಗಳನ್ನು ದುಡ್ಡು ಕೊಟ್ಟು ಹೊರಗಿನ ಕಲಾವಿದರೊಬ್ಬರಿಂದ ಮಾಡಿಸಿದ್ದು.

ಪಾವಗಡ, ಮಧುಗಿರಿ, ಶಿರಾ ಕಡೆಯ ಶಾಲೆಗಳಿಗೆ ಪಿಡಿಎಫ್ ಪುಕ್ಕಟೆ ಸಿಗಬೇಕು ಅನ್ನುವುದು ಎಲ್ಲರ ಆಸೆ. ಆದರೆ ಪ್ರತಿ ವರ್ಷ ಪರಿಷ್ಕರಿಸಲು, ಬರೆದವರಿಗೆ ಗೌರವಧನ ಕೊಡಲು ದುಡ್ಡು ಬೇಕು. ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರೆ ಜೆರಾಕ್ಸ್ ಅಂಗಡಿಯವರು, ಬೇರೆ ಪ್ರಕಾಶಕರು ಮಾರಿಕೊಂಡು ಲಾಭ ಮಾಡುತ್ತಾರೆ ಎಂದು ಕೆಲವರ ಆತಂಕ. ವಾಣಿಜ್ಯ ಬಳಕೆ ಬೇಡ ಅನ್ನುವ ಎನ್‌ಸಿ ಷರತ್ತು ಹಾಕಿದರೆ ಸಾಕೇ? ಅಚ್ಚು, ಕಾನೂನು, ಮಾರಾಟ ಮೂರನ್ನೂ ಬಲ್ಲವರು ಹೇಳಿ.

ಅಶೋಕ ರಸ್ತೆ ಅಚ್ಚುಮನೆ

ಮೊದಲು ಲೆಕ್ಕ ನೋಡೋಣ ಮೇಷ್ಟ್ರೇ. ಭಯ ಎಷ್ಟು ನಿಜ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

23×36 ಇಂಚಿನ ಡಬಲ್ ಡೆಮಿ ಹಾಳೆಯೊಂದರಲ್ಲಿ ಎರಡೂ ಬದಿ ಸೇರಿ ಡೆಮಿ 1/8ರ 32 ಪುಟ ಕೂರುತ್ತವೆ. 128 ಪುಟಕ್ಕೆ ನಾಲ್ಕು ಹಾಳೆ. ಸಾವಿರ ಪ್ರತಿಗೆ 4,000 ಹಾಳೆ, ಅಂದರೆ 8 ರೀಮು. ವೇಸ್ಟೇಜ್ ಸೇರಿಸಿ ಎಂಟೂವರೆ ಹಿಡಿಯಿರಿ. 70 ಜಿಎಸ್‌ಎಂ ಮ್ಯಾಪ್ಲಿತೋ ಕಾಗದ ಆದರೆ ಒಂದು ರೀಮು ಸುಮಾರು 18.7 ಕಿಲೋ ತೂಗುತ್ತದೆ. ಒಟ್ಟು 160 ಕಿಲೋ ಕಾಗದ. ದರ ತಿಂಗಳು ತಿಂಗಳು ಏರಿಳಿಯುವುದರಿಂದ ಲೆಕ್ಕಕ್ಕೆ ಮಾತ್ರ ಕಿಲೋಗೆ 80 ರೂಪಾಯಿ ಇಟ್ಟುಕೊಳ್ಳೋಣ: 12,800. ಡಬಲ್ ಡೆಮಿ ಮಷೀನಿನಲ್ಲಿ 8 ಪ್ಲೇಟು, ತಲಾ 400ರಂತೆ 3,200. ಅಚ್ಚಿನ ಕೂಲಿ ಫಾರಮ್ಮಿನ (ಅಚ್ಚಿಗೆ ಹೋಗುವ ಪೂರ್ತಿ ಹಾಳೆ) ಒಂದು ಬದಿಗೆ ಸಾವಿರಕ್ಕೆ 400ರಂತೆ 3,200. ಮುಖಪುಟ, ಲ್ಯಾಮಿನೇಶನ್ ಸೇರಿ ಪ್ರತಿಗೆ 5 ರೂಪಾಯಿ, ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ 4 ರೂಪಾಯಿ. ಒಟ್ಟು 28,200. ಪ್ರತಿಗೆ 28 ರೂಪಾಯಿ 20 ಪೈಸೆ. ಮೂರು ಸಾವಿರ ಹಾಕಿದರೆ ಪ್ಲೇಟಿನ ಖರ್ಚು ಹಂಚಿಹೋಗಿ ಇದೇ ದರದಲ್ಲಿ 26ರ ಆಸುಪಾಸಿಗೆ ಇಳಿಯುತ್ತದೆ.

ಈಗ ಜೆರಾಕ್ಸ್. ಎ4 ಹಾಳೆಯ ಒಂದು ಬದಿಗೆ ನಿಮ್ಮ ಎರಡು ಪುಟ ಹಿಡಿಸುತ್ತವೆ. 128 ಪುಟಕ್ಕೆ 64 ಬದಿ. ಬದಿಗೊಂದು ರೂಪಾಯಿ ಅಂದರೆ 64, ಸ್ಪೈರಲ್ ಬೈಂಡಿಂಗಿಗೆ 25, ಒಟ್ಟು 89. ನೂರಾರು ಪ್ರತಿ ಒಟ್ಟಿಗೆ ಮಾಡಿಸಿ ಬದಿಗೆ 60 ಪೈಸೆಗೆ ಇಳಿಸಿದರೂ 63 ರೂಪಾಯಿ ದಾಟುತ್ತದೆ. ನೀವು 80 ಮುಖಬೆಲೆ ಇಟ್ಟು ಶಾಲೆಗೆ ಶೇ 20 ರಿಯಾಯಿತಿಯಲ್ಲಿ 64ಕ್ಕೆ ಕೊಟ್ಟರೆ, ಹಾಳೆ ಕಿತ್ತುಬರದ, ಮುಖಪುಟವಿರುವ ಪುಸ್ತಕ ಬಿಟ್ಟು ಜೆರಾಕ್ಸಿಗೆ ಹೋಗಲು ಹೆಡ್‌ಮಾಸ್ಟರಿಗೆ ಕಾರಣವೇ ಇರುವುದಿಲ್ಲ. 120 ಮುಖಬೆಲೆ ಇಟ್ಟಿರೋ, ಜೆರಾಕ್ಸ್ ಅಂಗಡಿಯನ್ನು ನೀವೇ ಕರೆದಂತೆ. ಆಗ ಯಾವ ಪರವಾನಗಿಯೂ ತಡೆಯುವುದಿಲ್ಲ, ಎಲ್ಲ ಹಕ್ಕು ಕಾಯ್ದಿರಿಸಿದ ಗೈಡುಗಳೇ ರಾಜಾರೋಷವಾಗಿ ಜೆರಾಕ್ಸ್ ಆಗುತ್ತಿವೆ.

ಇನ್ನು ಬೇರೆ ಪ್ರಕಾಶಕ. ನಿಮಗೆ ಇರುವ, ಅವನಿಗೆ ಇಲ್ಲದ ಖರ್ಚು ಯಾವುದು? ಬರವಣಿಗೆ, ಚಿತ್ರ, ಡಿಟಿಪಿ. ಅದಕ್ಕೆ 25,000 ಆಗಿದೆ ಅಂದುಕೊಂಡರೆ, ಸಾವಿರ ಪ್ರತಿಯ ಮೇಲೆ ತಲಾ 25 ರೂಪಾಯಿ ಭಾರ, ಮೂರು ಸಾವಿರದ ಮೇಲೆ 8 ರೂಪಾಯಿ ಚಿಲ್ಲರೆ. ನಕಲು ಮಾಡುವವನಿಗೆ ಉಳಿಯುವುದು ಇಷ್ಟೇ. ಆ ಎಂಟು ರೂಪಾಯಿಗಾಗಿ ಅವನು ಕಾಗದಕ್ಕೆ ಬಂಡವಾಳ ಹಾಕಿ, ಅಂಗಡಿಗೆ ಕಮಿಷನ್ ಕೊಟ್ಟು, ವಾಪಸು ಬಂದದ್ದನ್ನು ಹೊತ್ತುಕೊಳ್ಳಬೇಕು. ಮೊದಲ ಮುದ್ರಣವನ್ನೇ ನೀವು ದೊಡ್ಡದಾಗಿ, ಸಮಯಕ್ಕೆ ಸರಿಯಾಗಿ ತಂದರೆ ಅವನಿಗೆ ಜಾಗ ಉಳಿಯುವುದಿಲ್ಲ. ಸಮಯ ಅಂದರೆ ಜೂನ್ ಮೊದಲ ವಾರ. ಆಗಸ್ಟಿನಲ್ಲಿ ಬಂದ ಅಭ್ಯಾಸ ಪುಸ್ತಕ ಗೋದಾಮಿನಲ್ಲೇ ಕೂರುತ್ತದೆ.

ಕೋಲಾರ ಕೋರ್ಟ್ ರಸ್ತೆ

ಅಚ್ಚುಮನೆಯವರ ಲೆಕ್ಕ ಸರಿಯಾಗಿದೆ. ಕಾನೂನಿನ ಕಡೆ ನಾನು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲ ಪ್ರಶ್ನೆ ಎನ್‌ಸಿ ಬೇಕೋ ಬೇಡವೋ ಅನ್ನುವುದಲ್ಲ. ಪರವಾನಗಿ ಕೊಡುವ ಹಕ್ಕು ನಿಮ್ಮ ಕೈಯಲ್ಲಿದೆಯೇ ಎಂಬುದು.

ಆರು ಜನ ಶಿಕ್ಷಕರು ಬರೆದಿದ್ದಾರೆ. ಆರು ಜನವೂ ಬರಹದಲ್ಲಿ ಒಪ್ಪಬೇಕು. ಬಾಯಿಮಾತು, ವಾಟ್ಸಾಪ್‌ನ ಹೆಬ್ಬೆರಳು ಸಾಲದು. ಸರ್ಕಾರಿ ನೌಕರರಾಗಿದ್ದರೆ ಗೌರವಧನ ಪಡೆಯುವ ಮೊದಲು ಇಲಾಖೆಯ ಲಿಖಿತ ಅನುಮತಿ ಇಟ್ಟುಕೊಳ್ಳಿ. ಖಾಸಗಿ ಶಾಲೆಯವರು ನೌಕರಿಯ ಭಾಗವಾಗಿಯೇ ಬರೆದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಒಡೆತನ ಸಂಸ್ಥೆಯದು. ಅಂಥವರಿಂದ ಆಡಳಿತ ಮಂಡಳಿಯ ಪತ್ರ ತರಿಸಿ.

ರೇಖಾಚಿತ್ರದಲ್ಲಿ ಹೆಚ್ಚಿನವರು ಎಡವುತ್ತಾರೆ. ದುಡ್ಡು ಕೊಟ್ಟೆವು, ಚಿತ್ರ ನಮ್ಮದು ಎಂದುಕೊಳ್ಳುತ್ತಾರೆ. ಅದೇ 17ನೇ ಸೆಕ್ಷನ್ ದುಡ್ಡು ಕೊಟ್ಟು ಮಾಡಿಸಿದವರಿಗೆ ಒಡೆತನ ಕೊಡುವುದು ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಎನ್‌ಗ್ರೇವಿಂಗ್, ಸಿನಿಮಾ ಇಂಥವಕ್ಕೆ ಮಾತ್ರ. ಜ್ಯಾಮಿತಿಯ ರೇಖಾಚಿತ್ರ ಆ ಪಟ್ಟಿಯಲ್ಲಿದೆ ಎಂದು ನಂಬಿ ಕೂರಬೇಡಿ. ಹಕ್ಕು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಆ ಪತ್ರದಲ್ಲಿ ಮೂರು ಮಾತು ಇರಲೇಬೇಕು. 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ವರ್ಗಾವಣೆಯಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೋ ಇಡೀ ಜಗತ್ತಿಗೆ, ಕೃತಿಸ್ವಾಮ್ಯ ಇರುವಷ್ಟು ಕಾಲ, ಹಿಂದಕ್ಕೆ ಪಡೆಯಲಾಗದಂತೆ ಕೊಡುವಂಥದ್ದು. ಐದು ವರ್ಷದ, ಭಾರತದೊಳಗಿನ ಹಕ್ಕನ್ನಷ್ಟೇ ಪಡೆದವರು ಅಂಥದನ್ನು ಕೊಡುವುದು ಹೇಗೆ? ಆದ್ದರಿಂದ "ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ, ಬಳಸದಿದ್ದರೂ ಹಕ್ಕು ರದ್ದಾಗದಂತೆ" ಎಂದು ಬರೆಸಿ ಸಹಿ ಹಾಕಿಸಿ. ಮೊಬಲಗನ್ನೂ ನಮೂದಿಸಿ.

ಈಗ ಎನ್‌ಸಿ. ಎನ್‌ಸಿ ಇದ್ದರೆ ಜೆರಾಕ್ಸ್ ಅಂಗಡಿ ಹೆದರುತ್ತದೆ ಅನ್ನುವುದು ತಪ್ಪು ಎಣಿಕೆ. ಅಮೆರಿಕದಲ್ಲಿ ಗ್ರೇಟ್ ಮೈಂಡ್ಸ್ ಅನ್ನುವ ಸಂಸ್ಥೆ ತನ್ನ ಗಣಿತ ಪಠ್ಯವನ್ನು ಸಿಸಿ ಬೈ-ಎನ್‌ಸಿ-ಎಸ್‌ಎ (ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಬೈ ಅಂದರೆ ಬರೆದವರ ಹೆಸರು ಹಾಕಬೇಕು, ಎಸ್‌ಎ ಅಂದರೆ ಬದಲಾಯಿಸಿದ್ದನ್ನೂ ಇದೇ ಪರವಾನಗಿಯಲ್ಲಿ ಬಿಡಬೇಕು) ಅಡಿ ಬಿಟ್ಟಿತ್ತು. ಶಾಲೆಗಳ ಪರವಾಗಿ ದುಡ್ಡಿಗೆ ಪ್ರತಿ ತೆಗೆದುಕೊಟ್ಟ ಫೆಡೆಕ್ಸ್ ಆಫೀಸ್ ಮೇಲೆ, ಆಮೇಲೆ ಆಫೀಸ್ ಡಿಪೋ ಮೇಲೆ ದಾವೆ ಹೂಡಿತು. 2018ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, 2019ರಲ್ಲಿ ಮತ್ತೊಂದು, ಎರಡೂ ಕಡೆ ಗ್ರೇಟ್ ಮೈಂಡ್ಸ್ ಸೋತಿತು. ಶಾಲೆಯ ಬಳಕೆ ವಾಣಿಜ್ಯೇತರ, ಅಂಗಡಿ ಶಾಲೆಯ ಪರವಾಗಿ ಕೆಲಸ ಮಾಡಿದೆ ಎಂದು ತೀರ್ಪು. ಅಲ್ಲಿನ ತೀರ್ಪು ಇಲ್ಲಿನ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಪರವಾನಗಿಯ ಮಾತುಗಳು ಅವೇ. ಯಾವುದನ್ನು ತಡೆಯಲು ಎನ್‌ಸಿ ಹಾಕುತ್ತೀರೋ ಅದನ್ನೇ ಎನ್‌ಸಿ ತಡೆಯಲಿಕ್ಕಿಲ್ಲ.

ಅದು ನಿಜವಾಗಿ ತಡೆಯುವುದು ಯಾರನ್ನು? ಇಪ್ಪತ್ತು ಮಕ್ಕಳಿಗೆ ಮನೆಪಾಠ ಹೇಳುವವರನ್ನು, ಪುಸ್ತಕವನ್ನು ಉರ್ದುವಿಗೋ ತೆಲುಗಿಗೋ ತಂದು ಅಚ್ಚಿನ ಖರ್ಚು ಹುಟ್ಟಿಸಿಕೊಳ್ಳುವವರನ್ನು. ಅಂದರೆ ನಿಮ್ಮ ಹೆಸರನ್ನು ಊರೂರಿಗೆ ಒಯ್ಯುವವರನ್ನು. ನನ್ನ ಸಲಹೆ ಸಿಸಿ ಬೈ-ಎಸ್‌ಎ 4.0. ಯಾರು ಬೇಕಾದರೂ ಮಾರಬಹುದು, ಆದರೆ ನಿಮ್ಮ ಹೆಸರು ಹಾಕಬೇಕು, ಪರವಾನಗಿಯ ಕೊಂಡಿ ಕೊಡಬೇಕು, ಬದಲಾಯಿಸಿದ್ದರೆ ಹಾಗೆಂದು ಹೇಳಬೇಕು, ಬದಲಾಯಿಸಿ ಹಂಚಿದ್ದನ್ನು ಇದೇ ಪರವಾನಗಿಯಲ್ಲಿ ಬಿಡಬೇಕು. ಅವರು ಸೇರಿಸಿದ ಒಳ್ಳೆಯ ಲೆಕ್ಕಗಳು ಮುಂದಿನ ವರ್ಷ ನಿಮ್ಮ ಪುಸ್ತಕಕ್ಕೂ ಬರುತ್ತವೆ.

ಚಿಂತಾಮಣಿ ಬುಕ್‌ಸ್ಟಾಲ್

ಮೇಡಂ ಮಾತಿಗೆ ನನ್ನ ಅರ್ಧ ಒಪ್ಪಿಗೆ. ಎನ್‌ಸಿಗೂ ಒಂದು ಜಾಗ ಇದೆ, ಇಬ್ಬಗೆ ಪರವಾನಗಿ ಮಾಡುವವರಿಗೆ. ಸಾರ್ವಜನಿಕರಿಗೆ ಬೈ-ಎನ್‌ಸಿ-ಎಸ್‌ಎ; ವಾಣಿಜ್ಯಕ್ಕೆ ಬೇಕಾದವರು ಬಂದು ಬೇರೆ ಒಪ್ಪಂದ ಮಾಡಿಕೊಂಡು ರಾಯಧನ ಕೊಡಲಿ. ಬೆಂಗಳೂರಿನ ಟ್ಯೂಷನ್ ಆ್ಯಪ್‌ನವರೋ ದೊಡ್ಡ ಕೋಚಿಂಗ್ ಸೆಂಟರಿನವರೋ ಇಡೀ ಪುಸ್ತಕ ಎತ್ತಿಕೊಂಡು ತಮ್ಮ ಚಂದಾದಾರರಿಗೆ ಕೊಟ್ಟರೆ ಆರು ಜನ ಮೇಷ್ಟ್ರಿಗೆ ಒಂದು ಪೈಸೆಯೂ ಇಲ್ಲವೇ? ಚೌಕಾಸಿ ಮಾಡುವ ದಾರಿ ಕೈಯಲ್ಲಿರಬೇಕು.

ಕೋಲಾರ ಕೋರ್ಟ್ ರಸ್ತೆ

ನ್ಯಾಯವಾದ ಮಾತು. ಇಬ್ಬಗೆ ಪರವಾನಗಿ ನಡೆಯುತ್ತದೆ, ಆದರೆ ಅದರ ಬೆಲೆ ತಿಳಿದಿರಲಿ. ಹೊರಗಿನವರು ಎನ್‌ಸಿ ಅಡಿ ಸೇರಿಸಿ ಬದಲಿಸಿದ್ದನ್ನು ನೀವು ವಾಣಿಜ್ಯಕ್ಕೆ ಮಾರುವಂತಿಲ್ಲ. ಅದು ಅವರ ಹಕ್ಕು. ಮಾರಬೇಕಾದರೆ ತಿದ್ದುಪಡಿ ಕಳಿಸುವ ಪ್ರತಿಯೊಬ್ಬರಿಂದ ಪ್ರತ್ಯೇಕ ಒಪ್ಪಿಗೆ ಪತ್ರ. ವಿಕಿಪೀಡಿಯದಂಥ ಬೈ-ಎಸ್‌ಎ ಬರಹವನ್ನು ನಿಮ್ಮ ಪಾಠಕ್ಕೆ ಹೊಂದಿಸಿ ಬೆರೆಸುವಂತೆಯೂ ಇಲ್ಲ, ಬೆರೆಸಿದರೆ ಆ ಭಾಗ ಬೈ-ಎಸ್‌ಎ ಆಗಿಯೇ ಹೊರಬರಬೇಕು. ಚಿತ್ರವೊಂದನ್ನು ಬದಲಿಸದೆ, ಅದರ ಪರವಾನಗಿ ಬರೆದು ಪಕ್ಕದಲ್ಲಿಡಬಹುದು.

ಆ್ಯಪ್‌ನವರ ವಿಷಯಕ್ಕೆ ಬೈ-ಎಸ್‌ಎಯೂ ದುರ್ಬಲವಲ್ಲ. ಪಠ್ಯ ತಿದ್ದಿ ಹಂಚಿದರೆ ತಿದ್ದಿದ್ದನ್ನೂ ಮುಕ್ತವಾಗಿಡಬೇಕು. ನಕಲು ತಡೆಯುವ ತಾಂತ್ರಿಕ ಬೀಗ ಹಾಕಿ ಪರವಾನಗಿಯ ಹಕ್ಕು ಕಿತ್ತುಕೊಳ್ಳುವಂತಿಲ್ಲ. ಬೀಗ ಬೇಕೇ ಬೇಕು ಅನ್ನುವ ಕಂಪನಿ ನಿಮ್ಮಲ್ಲಿಗೇ ಬಂದು ಬೇರೆ ಒಪ್ಪಂದ ಕೇಳುತ್ತದೆ. ಚೌಕಾಸಿಯ ದಾರಿ ಅಲ್ಲೂ ಉಳಿದಿದೆ.

ಗೌರಿಬಿದನೂರು ಪ್ರಕಾಶನ

ಪರವಾನಗಿಯ ಚರ್ಚೆಯಲ್ಲಿ ಮುಖ್ಯ ವಿಷಯ ಹಿಂದೆ ಬೀಳಬಾರದು. ಮುಕ್ತ ಪರವಾನಗಿ ತಾನಾಗಿ ದುಡ್ಡು ತರುವುದಿಲ್ಲ. ಪ್ರತಿ ಮಾಡಲು ಆಗದ ಯಾವುದನ್ನು ಮಾರುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ ಆಮೇಲೆ ಪರವಾನಗಿ ಆರಿಸಬೇಕು. ಇದನ್ನು ತಿರುವುಮುರುವು ಮಾಡಿದವರು ಕೈಸುಟ್ಟುಕೊಂಡಿದ್ದಾರೆ.

ಫ್ಲ್ಯಾಟ್ ವರ್ಲ್ಡ್ ನಾಲೆಜ್ ಅನ್ನುವ ಅಮೆರಿಕದ ಕಂಪನಿ 2007ರಲ್ಲಿ ಶುರುವಾಯಿತು. ಕಾಲೇಜು ಪಠ್ಯಗಳನ್ನು ಬೈ-ಎನ್‌ಸಿ-ಎಸ್‌ಎ ಅಡಿ ಆನ್‌ಲೈನಿನಲ್ಲಿ ಪುಕ್ಕಟೆ ಕೊಟ್ಟು, ಅಚ್ಚಿನ ಪ್ರತಿ ಮತ್ತು ಅಭ್ಯಾಸ ಸಾಮಗ್ರಿ ಮಾರುವ ಯೋಜನೆ. 2013ರ ಆರಂಭಕ್ಕೆ ಪುಕ್ಕಟೆ ಆವೃತ್ತಿ ನಿಲ್ಲಿಸಿತು. ಪುಕ್ಕಟೆ ಓದುವವರಲ್ಲಿ ಸಾಕಷ್ಟು ಜನ ಕೊಳ್ಳುವವರಾಗದಿದ್ದರೆ ಲೇಖಕರ ರಾಯಧನದ ಭಾರವನ್ನು ಈ ಮಾದರಿ ಹೊರಲಾರದು. ನಿಲ್ಲಿಸಿದರೂ ಹಳೆಯ ಆವೃತ್ತಿಗಳು ಬೇರೆಯವರ ತಾಣಗಳಲ್ಲಿ ಕಾನೂನುಬದ್ಧವಾಗಿಯೇ ಉಳಿದವು, ಕೊಟ್ಟ ಪರವಾನಗಿ ವಾಪಸು ಬರುವುದಿಲ್ಲವಲ್ಲ. ನಿಮಗೂ ಈ ನಿಯಮ ಅನ್ವಯಿಸುತ್ತದೆ ಮೇಷ್ಟ್ರೇ. ಮೊದಲ ಆವೃತ್ತಿ ಬಿಟ್ಟ ಮೇಲೆ ಮನಸ್ಸು ಬದಲಾಯಿಸಿದರೆ ಹೊಸ ಆವೃತ್ತಿಗೆ ಮಾತ್ರ ಬೇರೆ ಷರತ್ತು ಹಾಕಬಹುದು.

ನಿಂತ ಮಾದರಿಗಳನ್ನು ನೋಡಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಿಂದ ಮುಕ್ತ ಪಠ್ಯಪುಸ್ತಕ ತರುತ್ತಿದೆ. ಬರೆಸುವ ಬಂಡವಾಳ ದತ್ತಿಸಂಸ್ಥೆಗಳದು. ಆ ಪಠ್ಯದ ಮೇಲೆ ಹೋಂವರ್ಕ್ ತಂತ್ರಾಂಶ ಕಟ್ಟಿ ಮಾರುವ ಕಂಪನಿಗಳು ಅದಕ್ಕೆ ಪಾಲು ಕೊಡುತ್ತವೆ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೂ ಅದನ್ನು ನಡೆಸುವ ಸಂಸ್ಥೆ 2021ರಲ್ಲಿ ಶುರು ಮಾಡಿದ ವಿಕಿಮೀಡಿಯ ಎಂಟರ್‌ಪ್ರೈಸ್ ಸೇವೆಗೆ ಗೂಗಲ್‌ನಂಥ ಕಂಪನಿ ದುಡ್ಡು ಕೊಡುತ್ತದೆ. ಕೊಡುವುದು ಬರಹಕ್ಕಲ್ಲ. ಹೊಸ ತಿದ್ದುಪಡಿ ಕೂಡಲೇ, ಅಚ್ಚುಕಟ್ಟಾದ ರೂಪದಲ್ಲಿ, ಕಡಿತವಿಲ್ಲದೆ ಬರುತ್ತದೆ ಎಂಬ ಖಾತರಿಗೆ. ಎಲೆಕ್ಟ್ರಾನಿಕ್ಸ್ ಕಲಿಯುವವರು ಬಳಸುವ ಆರ್ಡುಯಿನೊ ಸರ್ಕ್ಯೂಟಿನ ವಿನ್ಯಾಸ ಬೈ-ಎಸ್‌ಎ, ಯಾರು ಬೇಕಾದರೂ ಬೋರ್ಡು ಮಾಡಿ ಮಾರಬಹುದು, ಹೆಸರು ಮಾತ್ರ ಟ್ರೇಡ್‌ಮಾರ್ಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಸಿಸಿ ಬೈ 4.0 ಅಡಿ ಸಿಗುತ್ತವೆ, ಕನ್ನಡದವೂ ಇವೆ. ಅವರದು ಲಾಭದ ಸಂಸ್ಥೆಯಲ್ಲ, ಆದರೆ ಅಲ್ಲಿನ ಕಥೆ ಅಚ್ಚು ಹಾಕಿ ಮಾರಲು ನಿಮಗೆ ಅಡ್ಡಿಯಿಲ್ಲ ಅನ್ನುವುದನ್ನು ನಮ್ಮ ಕಡೆಯ ಸಣ್ಣ ಪ್ರಕಾಶಕರು ಇನ್ನೂ ಬಳಸಿಕೊಂಡಿಲ್ಲ.

ತುಮಕೂರಿನ ಗಣಿತ ಪುಸ್ತಕಕ್ಕೆ ಇದನ್ನು ಇಳಿಸಿದರೆ: ಅಚ್ಚಿನ ಪ್ರತಿಯಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಅಂಗಡಿಗೆ ಶೇ 30 ಬಿಟ್ಟರೆ 80ರಲ್ಲಿ 56, ಸಾಗಣೆ 3 ಕಳೆದು 53, ಅಚ್ಚಿನ ಖರ್ಚು ಕಳೆದು ಸುಮಾರು 25. ಅಚ್ಚುಮನೆಯವರು ಹೇಳಿದ ಬರವಣಿಗೆ, ಚಿತ್ರ, ಡಿಟಿಪಿಯ 25,000 ವಾಪಸು ಬರಲು ಅಂಗಡಿಯಲ್ಲಿ ಸಾವಿರ ಪ್ರತಿ ಹೋಗಬೇಕು. ಶಾಲೆಗೆ ನೇರವಾಗಿ 64ಕ್ಕೆ ಕೊಟ್ಟರೆ ಸುಮಾರು 33 ಉಳಿದು 760 ಪ್ರತಿಗೇ ಬರುತ್ತದೆ. ಉಳಿದುಹೋದ ಪ್ರತಿ ನೂರಕ್ಕೆ 2,820 ನಷ್ಟ. ಹಾಗಾಗಿ ಏಪ್ರಿಲ್–ಮೇನಲ್ಲೇ ಶಾಲೆಗಳಿಂದ ಅರ್ಧ ಮುಂಗಡ ಪಡೆದು, ಬಂದ ಆರ್ಡರಿನ ಮೇಲೆ ಶೇ 20ರಷ್ಟು ಮಾತ್ರ ಹೆಚ್ಚಿಗೆ ಹಾಕಿಸಿ. ಸರ್ಕಾರಿ ಸಗಟು ಖರೀದಿ ಬಂದರೆ ಸಂತೋಷ, ಲೆಕ್ಕದಲ್ಲಿ ಸೇರಿಸಬೇಡಿ.

ನಿಜವಾದ ದುಡಿಮೆ ಕಿರುಪರೀಕ್ಷೆಗಳಲ್ಲಿದೆ. ಪುಸ್ತಕದ ಅಧ್ಯಾಯಗಳಿಗೆ ಹೊಂದುವ ಹತ್ತು ಹೊಸ ಪ್ರಶ್ನೆಪತ್ರಿಕೆ, ಅಂಕ ಹಂಚಿಕೆ, ಮಾದರಿ ಉತ್ತರ. ವರ್ಷಕ್ಕೆ ಶಾಲೆಗೆ 1,500. ನಲವತ್ತು ಶಾಲೆ ಸೇರಿದರೆ 60,000, ಕಾಗದದ ಖರ್ಚಿಲ್ಲ. ಪರೀಕ್ಷೆ ಮುಗಿಯುವವರೆಗೆ ಪತ್ರಿಕೆ ಚಂದಾ ಕಟ್ಟಿದ ಶಾಲೆಗಷ್ಟೇ. ಮುಗಿದ ಮೂರನೇ ದಿನ ಬೈ-ಎಸ್‌ಎ ಅಡಿ ಎಲ್ಲರಿಗೂ. ಚಂದಾ ಶಾಲೆಗೆ ಬೇಕಾಗಿರುವುದು ಯಾರೂ ನೋಡಿರದ ಪತ್ರಿಕೆ, ಬೇಕಾದ ದಿನಕ್ಕೆ. ಮುಗಿದ ಮೇಲೆ ಅದನ್ನು ಬಚ್ಚಿಟ್ಟು ಯಾರಿಗೂ ಲಾಭವಿಲ್ಲ. ವರ್ಷದ ಕೊನೆಗೆ ಆ ಹತ್ತೂ ಪತ್ರಿಕೆಗಳು ಮುಂದಿನ ಆವೃತ್ತಿಯ ಹೊಸ ಅಧ್ಯಾಯವಾಗುತ್ತವೆ.

ಶಾಲೆಯ ಹೆಸರಿನ ಮುಖಪುಟ ಇನ್ನೊಂದು. ಒಳಪುಟ ಅವೇ, ಮುಖಪುಟದ ನಾಲ್ಕು ಪ್ಲೇಟು ಬೇರೆ, 1,600 ಹೆಚ್ಚಿಗೆ. ಕನಿಷ್ಠ 200 ಪ್ರತಿ ಎಂದರೆ ತಲಾ 8 ರೂಪಾಯಿ ಬೀಳುತ್ತದೆ, 12 ಹಾಕಿ. ಶಿಕ್ಷಕರ ಕಾರ್ಯಾಗಾರ ದುಡ್ಡಿಗೆಂದು ಮಾಡಬೇಡಿ: 40 ಜನರಿಂದ 300ರಂತೆ 12,000 ಬಂದರೂ ಸಭಾಂಗಣ, ಊಟ, ಪುಸ್ತಕ, ಸಂಪನ್ಮೂಲ ವ್ಯಕ್ತಿಗಳ ಸಂಭಾವನೆ ಕಳೆದರೆ ಎರಡು ಮೂರು ಸಾವಿರ ಉಳಿದೀತು. ಆದರೆ ಬಂದ ನಲವತ್ತು ಜನರೇ ಮುಂದೆ ಆರ್ಡರ್ ಕೊಡುವವರು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ತರಬೇತಿ, ಚಂದಾ ಸೇವೆಗಳು ಬೇರೆ ಬಾಬ್ತು, ವರ್ಷದ ವಹಿವಾಟು 20 ಲಕ್ಷ ದಾಟುವ ಅಂದಾಜಿದ್ದರೆ ಲೆಕ್ಕಪರಿಶೋಧಕರನ್ನು ಕೇಳಿ.

ಶಿಡ್ಲಘಟ್ಟ ಚಾಕಿ

ಪುಸ್ತಕ ಮಾರದವರಿಗೂ ಈ ದಾರಿ ಇದೆ ಅಂತ ಒಂದು ಮಾತು. ಚಾಕಿ ಅಂದರೆ ರೇಷ್ಮೆಯ ಎಳೆ ಹುಳು; ಚಾಕಿ ಸಾಕಣೆ ಕೇಂದ್ರದವರು ಮಾರುವುದು ಎರಡನೇ ಜ್ವರ (ಪೊರೆ ಬಿಡುವ ಹಂತ) ಮುಗಿಸಿದ ಹುಳು. ರೈತರ ಮನೆಯಲ್ಲಿ ಬೆಳೆ ಕೈಕೊಟ್ಟರೆ ಮುಂದಿನ ಸಲ ಆ ಕೇಂದ್ರಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಸಾಕಣೆಮನೆ ಶುಚಿ ಮಾಡುವುದು, ಶಾಖ, ತೇವ, ಸೊಪ್ಪಿನ ಲೆಕ್ಕ ಎಲ್ಲ ಇರುವ ಕೈಪಿಡಿಯನ್ನು, ವಿಡಿಯೊವನ್ನು ಸಿಸಿ ಬೈ ಅಡಿ ಬಿಡುವುದು ಕೇಂದ್ರಕ್ಕೇ ಲಾಭ. ಔಷಧಿ ಅಂಗಡಿಯವರು, ಮೊಟ್ಟೆ ಮಾರುವವರು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿ ಹಂಚುತ್ತಾರೆ, ಪ್ರತಿಯೊಂದರಲ್ಲೂ ಕೇಂದ್ರದ ಹೆಸರು ಇರುತ್ತದೆ. ಇಲ್ಲಿ ಎಸ್‌ಎ ಕೂಡ ಬೇಡ, ಎಷ್ಟು ಸಲೀಸಾಗಿ ಹರಡಿದರೆ ಅಷ್ಟು ಒಳ್ಳೆಯದು.

ಆದರೆ ಒಂದು ಅಪಾಯ ಇದೆ. ಮನೆ ತೊಳೆಯಲು ಶೇ 0.3 ಸುಣ್ಣದ ನೀರಿನಲ್ಲಿ ಶೇ 2 ಬ್ಲೀಚಿಂಗ್ ಪುಡಿ, ಅಂದರೆ 100 ಲೀಟರಿಗೆ 2 ಕಿಲೋ ಬ್ಲೀಚಿಂಗ್, 300 ಗ್ರಾಂ ಸುಣ್ಣ. ಇದನ್ನು ಮರುಮುದ್ರಿಸುವವರು 200 ಗ್ರಾಂ ಬ್ಲೀಚಿಂಗ್ ಎಂದು ತಪ್ಪಾಗಿ ಹಾಕಿದರೆ ಸೋಂಕು ಉಳಿದು ಬೆಳೆ ಹೋಗುತ್ತದೆ, ಹೆಸರು ಕೆಡುವುದು ಕೈಪಿಡಿಯಲ್ಲಿ ಹೆಸರಿರುವವರದು. ಇದಕ್ಕೆ ಎನ್‌ಡಿ ಹಾಕಿ ಬದಲಾವಣೆಯನ್ನೇ ನಿಷೇಧಿಸಬೇಕೇ ಅನ್ನುವುದು ಈ ಭಾಗದಲ್ಲಿ ಕೇಳುವ ಪ್ರಶ್ನೆ.

ಕೋಲಾರ ಕೋರ್ಟ್ ರಸ್ತೆ

ಎನ್‌ಡಿ ಹಾಕಿದರೆ ತೆಲುಗು ಅನುವಾದವನ್ನೂ ಹಂಚುವಂತಿಲ್ಲ. ಬಾಗೇಪಲ್ಲಿ, ಮುಳಬಾಗಿಲು ಕಡೆ ಅದೇ ಬೇಕಾಗಿರುವುದು. ಅಷ್ಟಕ್ಕೂ ಅಚ್ಚಿನ ತಪ್ಪನ್ನು ಎನ್‌ಡಿ ತಡೆಯುವುದಿಲ್ಲ.

ಮಾಡಬೇಕಾದ್ದು ಇಷ್ಟು. ಆವೃತ್ತಿಯ ಸಂಖ್ಯೆ, ತಿಂಗಳು ಪ್ರತಿ ಪುಟದ ಅಡಿಯಲ್ಲಿ ಇರಲಿ. ಪ್ರಮಾಣಗಳನ್ನೆಲ್ಲ ಒಂದೇ ಪುಟದ ಕೋಷ್ಟಕದಲ್ಲಿ ತಂದು, ಮೂಲ ಪ್ರತಿ ಎಲ್ಲಿ ಸಿಗುತ್ತದೆ ಅನ್ನುವ ಕ್ಯೂಆರ್ ಕೋಡನ್ನು ಅದೇ ಪುಟದಲ್ಲಿ ಹಾಕಿ. 4.0 ಪರವಾನಗಿಯಲ್ಲಿ ಬದಲಾವಣೆ ಮಾಡಿದವರು ಹಾಗೆಂದು ನಮೂದಿಸಲೇಬೇಕು. ನೀವು ಕೇಳಿದರೆ ಸಾಧ್ಯವಾದಮಟ್ಟಿಗೆ ನಿಮ್ಮ ಹೆಸರನ್ನು ತೆಗೆಯಬೇಕು. ನೀವು ಅವರನ್ನು ಅನುಮೋದಿಸಿದ್ದೀರಿ ಎಂದು ತೋರಿಸಿಕೊಳ್ಳುವಂತಿಲ್ಲ. ಉಲ್ಲಂಘಿಸಿದವರ ಹಕ್ಕು ತಾನಾಗಿ ರದ್ದಾಗುತ್ತದೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಮರಳಿ ಬರುತ್ತದೆ. ಆದ್ದರಿಂದ ಮೊದಲ ನೋಟಿಸು ಸೌಮ್ಯವಾಗಿರಲಿ: ಯಾವ ಪುಟ, ಏನು ತಪ್ಪು, ಯಾವ ಸಾಲು ಸೇರಿಸಬೇಕು, ಎಷ್ಟು ದಿನ. ಬಹುಪಾಲು ಜನ ಗೊತ್ತಿಲ್ಲದೆ ಮಾಡಿರುತ್ತಾರೆ.

ಬಲವಾದ ರಕ್ಷಣೆ ಟ್ರೇಡ್‌ಮಾರ್ಕು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಟ್ರೇಡ್‌ಮಾರ್ಕಿನ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಪುಸ್ತಕಮಾಲೆಯ ಹೆಸರು, ಲಾಂಛನ ಎರಡನ್ನೂ ಟ್ರೇಡ್‌ಮಾರ್ಕ್ ನೋಂದಣಿಯ ಟಿಎಂ-ಎ ಅರ್ಜಿಯಲ್ಲಿ ಹಾಕಿ. ಅಚ್ಚಿನ ಸಾಮಗ್ರಿಗೆ 16ನೇ ವರ್ಗ, ಶಿಕ್ಷಣ ಸೇವೆಗೆ 41ನೇ ವರ್ಗ. ವ್ಯಕ್ತಿ ಅಥವಾ ಸಣ್ಣ ಉದ್ಯಮವಾದರೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500. ನೋಂದಣಿ ಹತ್ತು ವರ್ಷ, ಆಮೇಲೆ ನವೀಕರಣ. "ಎಸ್ಸೆಸ್ಸೆಲ್ಸಿ ಗಣಿತ" ಎಂಬಂಥ ವಿವರಣೆಯ ಹೆಸರು ಸಿಗುವುದಿಲ್ಲ, ವಿಶಿಷ್ಟವಾದ ಹೆಸರು ಹುಡುಕಿ. ಆಗ ಪಠ್ಯ ಯಾರು ಬೇಕಾದರೂ ಅಚ್ಚು ಹಾಕಲಿ, ನಿಮ್ಮ ಲಾಂಛನ ಹಾಕಿ ಮಾರಲು ಆಗುವುದಿಲ್ಲ.

ತಿಪಟೂರು ಡಿಟಿಪಿ

ಪಿಡಿಎಫ್ ಬಿಟ್ಟ ಮಾತ್ರಕ್ಕೆ ಮುಕ್ತ ಆಗಲ್ಲ ಸಾರ್. ನುಡಿ, ಶ್ರೀಲಿಪಿಯ ಹಳೇ ಆಸ್ಕಿ ಫಾಂಟಿನಲ್ಲಿ ಪೇಜ್‌ಮೇಕರ್ ಕಡತ ಮಾಡಿದ್ದರೆ ಯಾರೂ ತಿದ್ದಲು ಆಗಲ್ಲ, ಹುಡುಕಿದರೂ ಸಿಗಲ್ಲ. ಯುನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಕೈಕೊಡುತ್ತದೆ: ಆಸ್ಕಿಯಲ್ಲಿ ಅದು ಅಕ್ಷರ ಆದಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ "ರ್" ಮೊದಲು ಬರಬೇಕು. "ವರ್ಗ", "ದೀರ್ಘ", "ಪೂರ್ಣಾಂಕ" ಇಂಥ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಗಣಿತದಲ್ಲಿ ಇವು ಪುಟಕ್ಕೆ ಹತ್ತು ಸಲ ಬರುತ್ತವೆ.

ಇನ್‌ಡಿಸೈನ್ ಆದರೆ ಪ್ಯಾರಾಗ್ರಾಫ್ ಸೆಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಸೂತ್ರಗಳು ಜಾಸ್ತಿ ಇರುವುದರಿಂದ ಜೀಲೇಟೆಕ್ (XeLaTeX) ಅನ್ನುವ ಪುಟ ಜೋಡಣೆಯ ತಂತ್ರಾಂಶ ಇನ್ನೂ ಒಳ್ಳೆಯದು, ಮೂಲ ಕಡತ ಬರೀ ಪಠ್ಯವಾಗಿರುತ್ತದೆ, ಯಾರು ಬೇಕಾದರೂ ತಿದ್ದಬಹುದು. ಫಾಂಟು ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ. ಎರಡೂ ಓಪನ್ ಫಾಂಟ್ ಲೈಸೆನ್ಸ್, ಪುಸ್ತಕ ಮಾರಲು ಅಡ್ಡಿಯಿಲ್ಲ, ಪಿಡಿಎಫ್‌ನಲ್ಲಿ ಅಳವಡಿಸಬಹುದು. ಆ ಪರವಾನಗಿ ತಡೆಯುವುದು ಫಾಂಟನ್ನೇ ಬಿಡಿಯಾಗಿ ಮಾರುವುದನ್ನು. ಚಿತ್ರಗಳನ್ನು ಇಂಕ್‌ಸ್ಕೇಪಿನಲ್ಲಿ ಎಸ್‌ವಿಜಿ ಆಗಿ ಉಳಿಸಿ, ಚಿತ್ರದೊಳಗಿನ ಅಕ್ಷರವನ್ನು ರೇಖೆಯಾಗಿ ಪರಿವರ್ತಿಸಬೇಡಿ. ಅನುವಾದಿಸುವವರಿಗೆ ಅದು ಅಕ್ಷರವಾಗಿಯೇ ಬೇಕು.

ಅಚ್ಚಿಗೆ ಹೋಗುವ ಪಿಡಿಎಫ್ ಬೇರೆ, ಪುಕ್ಕಟೆ ಬಿಡುವ ಪಿಡಿಎಫ್ ಬೇರೆ ಇರಲಿ. ಮೊದಲನೆಯದಕ್ಕೆ ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಚಿತ್ರ 300 ಡಿಪಿಐ. ಎರಡನೆಯದು ಮೊಬೈಲಿನಲ್ಲಿ ತೆರೆಯುವಂತೆ 5 ಎಂಬಿ ಒಳಗಿರಲಿ. ಬೇಕೆಂದೇ ಮಸುಕು ಮಾಡಿ ಬಿಡುವುದು ಬೇಡ, ಓದುವ ಮಕ್ಕಳಿಗೆ ಮೋಸ.

ಕ್ಯಾತ್ಸಂದ್ರದ ಮೇಷ್ಟ್ರು

ಎಲ್ಲರಿಗೂ ವಂದನೆ. ಮೂರು ಸಂದೇಹ ಉಳಿದಿವೆ. ಹಿಂದಿನ ವರ್ಷಗಳ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಗಳು ಪುಸ್ತಕದ ಕೊನೆಯಲ್ಲಿ 12 ಪುಟ ಇವೆ. ಉತ್ತರಗಳನ್ನು ಮಾತ್ರ ಅಚ್ಚಿನ ಪ್ರತಿಯಲ್ಲಿಟ್ಟು ಪಿಡಿಎಫ್‌ನಲ್ಲಿ ಬಿಡದಿರಬಹುದೇ? ಪರವಾನಗಿಯ ಸಾಲು ಹೇಗಿರಬೇಕು, ಎಲ್ಲಿರಬೇಕು?

ಗೌರಿಬಿದನೂರು ಪ್ರಕಾಶನ

ಉತ್ತರ ಬಚ್ಚಿಡಬೇಡಿ. ಉತ್ತರವಿಲ್ಲದ ಪಿಡಿಎಫ್ ಪಾವಗಡದ ಹಳ್ಳಿಯಲ್ಲಿ ಒಬ್ಬಳೇ ಕೂತು ಲೆಕ್ಕ ಮಾಡುವ ಹುಡುಗಿಗೆ ಕೆಲಸಕ್ಕೆ ಬಾರದು, ನಿಮ್ಮ ಉದ್ದೇಶವೇ ಅವಳು. ಅದೂ ಅಲ್ಲದೆ ಯಾರೋ ಒಬ್ಬ ಮೇಷ್ಟ್ರು ಉತ್ತರ ಬರೆದು ಹಾಕಿದರೆ ಮುಗಿಯಿತು, ಅವರ ಉತ್ತರದಲ್ಲಿ ತಪ್ಪಿದ್ದರೆ ಅದೂ ನಿಮ್ಮ ಪುಸ್ತಕದ ತಲೆಗೆ.

ಕೋಲಾರ ಕೋರ್ಟ್ ರಸ್ತೆ

ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕೃತಿಸ್ವಾಮ್ಯ ನಿಮ್ಮದಲ್ಲ, ಅವುಗಳಿಗೆ ನೀವು ಬೈ-ಎಸ್‌ಎ ಕೊಡಲು ಬರುವುದಿಲ್ಲ. 12 ಪುಟ ತೆಗೆದು ಅದೇ ಮಾದರಿಯಲ್ಲಿ ಸ್ವಂತ ಪ್ರಶ್ನೆ ಬರೆಯಿರಿ. ಪ್ರಮೇಯ, ಸೂತ್ರ, ಲೆಕ್ಕದ ವಿಧಾನ ಯಾರ ಸ್ವತ್ತೂ ಅಲ್ಲ. ವಾಕ್ಯ, ಚಿತ್ರ, ಜೋಡಣೆಗೆ ಮಾತ್ರ ಹಕ್ಕು. ಸರ್ಕಾರಿ ಪಠ್ಯಪುಸ್ತಕದಿಂದ ಚಿತ್ರ ಕತ್ತರಿಸಿ ಅಂಟಿಸಿದ್ದರೆ ಅದನ್ನೂ ಹೊಸದಾಗಿ ಬರೆಸಿ.

ಸಾಲು ಮುಖಪುಟದ ಹಿಂದಿನ ಪುಟದಲ್ಲಿ, ಪಿಡಿಎಫ್‌ನ ಪ್ರತಿ ಪುಟದ ಅಡಿಯಲ್ಲಿ ಚಿಕ್ಕದಾಗಿ ಇನ್ನೊಮ್ಮೆ. ಹೀಗೆ: "© ಆರೂ ಲೇಖಕರ ಹೆಸರು, ವರ್ಷ. ಪಠ್ಯ ಮತ್ತು ರೇಖಾಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0 ಅಂತಾರಾಷ್ಟ್ರೀಯ ಪರವಾನಗಿಯಲ್ಲಿ ಲಭ್ಯ. ಪುಸ್ತಕಮಾಲೆಯ ಹೆಸರು ಮತ್ತು ಲಾಂಛನ ಈ ಪರವಾನಗಿಗೆ ಒಳಪಡುವುದಿಲ್ಲ." ಕೆಳಗೆ ಪರವಾನಗಿಯ ಪೂರ್ಣ ವಿಳಾಸ. ಅಚ್ಚಿನಲ್ಲಿ ಕ್ಲಿಕ್ ಮಾಡಲು ಆಗದು, ಆದ್ದರಿಂದ ವಿಳಾಸ ಅಕ್ಷರಗಳಲ್ಲೇ ಇರಬೇಕು. "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂಬ ಹಳೆಯ ಸಾಲನ್ನು ಡಿಟಿಪಿಯವರು ಅಭ್ಯಾಸಬಲದಿಂದ ಬಿಟ್ಟಿರುತ್ತಾರೆ. ಎರಡೂ ಒಟ್ಟಿಗೆ ಅಚ್ಚಾದರೆ ಯಾವುದನ್ನು ನಂಬಬೇಕೆಂದು ಓದುಗರಿಗೆ ತಿಳಿಯದು.

ಅಶೋಕ ರಸ್ತೆ ಅಚ್ಚುಮನೆ

ಆ 12 ಪುಟ ಹೊಸದಾಗಿ ಬರೆಯುವಾಗ 12ನ್ನೇ ತುಂಬಿಸಿ. ಒಟ್ಟು 128 ದಾಟಿ 132 ಆದರೆ ನಾಲ್ಕು ಪುಟಕ್ಕಾಗಿ ಇನ್ನೊಂದು ಚೂರು ಫಾರಂ, ಹೆಚ್ಚಿನ ಪ್ಲೇಟು, ಬೈಂಡಿಂಗಿನಲ್ಲಿ ಒಂಟಿ ಹಾಳೆ ಸಡಿಲವಾಗುವ ತೊಂದರೆ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ತಾಣದಲ್ಲಿ ಅರ್ಜಿ ಹಾಕಿ, ಶುಲ್ಕವಿಲ್ಲ. ಅಚ್ಚಿನ ಪ್ರತಿಗೊಂದು, ಪಿಡಿಎಫ್‌ಗೆ ಇನ್ನೊಂದು ಸಂಖ್ಯೆ. ಸಂಖ್ಯೆ ಬರುವ ಮೊದಲೇ ಮುಖಪುಟದ ಪ್ಲೇಟ್ ಹಾಕಿಸಬೇಡಿ. ಜೂನ್ ಮೊದಲ ವಾರಕ್ಕೆ ಪುಸ್ತಕ ಶಾಲೆಯಲ್ಲಿರಬೇಕಾದರೆ ಅಂತಿಮ ಪ್ರೂಫು ಏಪ್ರಿಲ್ ಕೊನೆಗೆ ಕೈ ಸೇರಬೇಕು. ಮೇ ತಿಂಗಳು ಎಲ್ಲ ಪ್ರೆಸ್ಸಿನಲ್ಲೂ ನೋಟ್‌ಬುಕ್ ಕೆಲಸದ ಸರತಿ ಇರುತ್ತದೆ.